ಕರ್ತೃ ಎಲ್ಲಿ

ಶಹಾಬಾದಿನ ಉರ್ದು ಶಾಲೆಯ ಹಿಂದಿನ ಖೋಲಿಯಲ್ಲಿ
ನಮಗೆ ಬೋರ್ಡು ಇರಲಿಲ್ಲ.
ಅಂಚು ಮುಕ್ಕಾಗಿ ಯಾರೂ ಕೊಳ್ಳದ ಒಂದು ಫರ್ಸಿಯನ್ನು
ಗೋಡೆಗೆ ಒರಗಿಸಿ, ಅದರ ಬೂದು ಮೈಮೇಲೆ
ಮೂರು ಚೌಕ ಎಳೆದು ಬರೆದೆ:
ಐ. ಈಟ್. ರೊಟ್ಟಿ.

ಪಾಲಿಶ್ ಶೆಡ್ಡಿನಿಂದ ನೇರ ಬಂದ ಹನ್ನೊಂದು ಹೆಂಗಸರು,
ರೆಪ್ಪೆಯ ಮೇಲೆ ಇನ್ನೂ ಕಲ್ಲಿನ ಹಿಟ್ಟು,
ಒಟ್ಟಿಗೆ ನಕ್ಕರು.
‘ನಾ ತಿಂತೀನಿ ರೊಟ್ಟಿ? ಹಿಂಗ್ಯಾರು ಮಾತಾಡ್ತಾರ್ರೀ?
ಹಸದವರು ಮೊದಲು ರೊಟ್ಟಿ ಹೆಸರು ತಗೋತಾರ.’

ನಾನೆಂದೆ: ನಮ್ಮಲ್ಲಿ ಕ್ರಿಯಾಪದ ಹಿರಿಸೊಸೆ ಇದ್ದ ಹಾಗೆ,
ಎಲ್ಲರೂ ಉಂಡೆದ್ದ ಮೇಲೆ ಕೊನೆಗೆ ಕೂರುವವಳು.
ಇಂಗ್ಲಿಷಿನಲ್ಲಿ ಅವಳು ಗಂಡನ ಪಕ್ಕದಲ್ಲೇ,
ನಡುಪಂಕ್ತಿಯಲ್ಲೇ ಕೂತುಬಿಡುತ್ತಾಳೆ.
‘ಛಲೋ ಆತು ಬಿಡ್ರಿ’ ಅಂದಳು ಚಂದಮ್ಮ,
ಆವತ್ತು ಕೂಡ ಕೊನೆಗೆ ಉಂಡು ಬಂದವಳು.

ನಾವು ‘ಬಂದೀನಿ’ ಎಂದರೆ ಸಾಕು,
ಬಂದವಳು ಆ ಪದದ ಒಡಲಲ್ಲೇ ಇರುತ್ತಾಳೆ.
ಅಲ್ಲಿ ಪ್ರತಿಸಲ ಹೊಸ್ತಿಲಲ್ಲಿ ನಿಂತು ಹೆಸರು ಹೇಳಬೇಕು:
ಐ, ಐ, ಐ.
‘ಸೊಕ್ಕಿನ ಭಾಷಾ’ ಎಂದಿತು ಹಿಂದಿನ ಸಾಲು.

ಇಟ್ ಈಸ್ ರೇನಿಂಗ್.
‘ಇಟ್ ಅಂದ್ರ ಯಾರ್ರೀ? ದೇವರಾ? ಮಾಡಾ?’
ಯಾರೂ ಅಲ್ಲ. ಕುರ್ಚಿ ಖಾಲಿ ಇರಬಾರದೆಂದು
ಕೂರಿಸಿದ ಒಂದು ಬೊಂಬೆ.
ಮಳೆಯನ್ನು ಕೂಡ ಯಾರಾದರೂ ಮಾಡಲೇಬೇಕು
ಅನ್ನುವ ವ್ಯಾಕರಣ ಅದು.

ಆಗ ಎದ್ದಳು ಮಸ್ತಾನ್‌ಬಿ.
ಮೂರು ತಿಂಗಳಿಂದ ಮೂಲೆಯಲ್ಲಿ ಕೂತು
ಒಂದೂ ಪ್ರಶ್ನೆ ಕೇಳದವಳು.
ಪ್ಲಾಸ್ಟಿಕ್ ಚೀಲದಿಂದ ತೆಗೆದಳು ನಾಲ್ಕು ಮಡಿಕೆಯ ಕಾಗದ,
ಮಡಿಕೆಗಳಲ್ಲಿ ಅಕ್ಷರ ಸವೆದದ್ದು.
ಅವಳ ಲಾಡ್ಲೆಸಾಬನ ಎಡಗೈಯ ವರದಿ.
ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದಳು:
ಟು ಫಿಂಗರ್ಸ್ ವರ್ ಲಾಸ್ಟ್.

‘ಟೀಚರಮ್ಮ, ನೀವಾ ಹೇಳೀರಿ
ಮೊದಲನೇ ಚೌಕದಾಗ ಮಾಡಿದವರು ಕೂಡ್ತಾರಂತ.
ಇದರಾಗ ಅವರು ಎಲ್ಲದಾರ?’

ಕರ್ಮಣಿ ಪ್ರಯೋಗ, ಎಂದೆ.
ಕರ್ತೃವಿನ ಜಾಗಕ್ಕೆ ಕರ್ಮ ಬಂದು ಕೂತಿದೆ,
ಕರ್ತೃವನ್ನು ಹೇಳದಿದ್ದರೂ ವಾಕ್ಯ ತಪ್ಪಲ್ಲ.
‘ಕರ್ಮ ಅಂದ್ರ ಹಣೀಬರಾ ಅಲ್ಲೇನ್ರೀ?’ ಚಂದಮ್ಮ.
ವ್ಯಾಕರಣದಲ್ಲಿ ಹಾಗಲ್ಲ, ಎಂದು ಶುರು ಮಾಡಿ
ಮುಂದೆ ಏನು ಹೇಳಬೇಕೋ ತಿಳಿಯದೆ ನಿಂತೆ.

‘ಕಳದ್ವು ಅಂತ ಬರದಾರ ನೋಡ್ರಿ,
ಸಂತ್ಯಾಗ ಚಪ್ಪಲಿ ಕಳದಂಗ.’
ಮಸ್ತಾನ್‌ಬಿ ಸೆರಗಿನಿಂದ ನನ್ನ ರೊಟ್ಟಿ ಒರೆಸಿದಳು,
ನನ್ನ ಐ ಒರೆಸಿದಳು.
ತೆಗೆದದ್ದಕ್ಕೆ ಏನಂತಾರ? ರಿಮೂವ್ಡ್.
ಗರಗಸದ ಮ್ಯಾಲಿನ ಜಾಳಿಗೆ? ಗಾರ್ಡ್.
ಕೊಯ್ದದ್ದಕ್ಕೆ? ಕಟ್.

ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು ಬರೆದಳು:
ಮಾಲಕ್ ರಿಮೂವ್ಡ್ ಗಾರ್ಡ್.
ಮಷಿನ್ ಕಟ್ ಟು ಫಿಂಗರ್.
ಕೊನೆಯ ಚುಕ್ಕೆಗೆ ಕಡ್ಡಿ ಮುರಿಯಿತು.

ಎರಡು ಕಡೆ ‘ದ’ ಬೇಕಿತ್ತು, ಬೆರಳಿಗೆ ಬಹುವಚನ.
ಹದಿನೈದು ವರ್ಷ ತಪ್ಪು ಹೆಕ್ಕಿದ ನನ್ನ ಕೈ
ಅರ್ಧ ಎದ್ದು ಮಡಿಲಿಗೇ ಮರಳಿತು.
ವಾಡಿಯ ಕಡೆ ಹೋಗುವ ಗೂಡ್ಸು ಖೋಲಿಯನ್ನು ನಡುಗಿಸಿತು,
ಫರ್ಸಿಯಿಂದ ಒಂದಿಷ್ಟು ಬಿಳಿಪುಡಿ ಉದುರಿತು.

‘ಕಟ್ ಅನ್ನೋದು ಹಿಂದಿಂದೋ, ಈಗಿಂದೋ?’
ಚಂದಮ್ಮನೇ ಕೇಳಿದ್ದು.
ಆ ಪದ ಎರಡಕ್ಕೂ ರೂಪ ಬದಲಿಸುವುದಿಲ್ಲ, ಎಂದೆ.

‘ಹಂಗಾರ ಇನ್ನಾ ಕೊಯ್ಲಿಕತ್ತದ ಅನ್ರಿ.’